ಬೋರಲು ಲೋಟ

ದೋಣಿ ನಡೆಸುತ್ತಿದ್ದ ತಾತ ಕ್ಲೆಮ್ ಥೇಮ್ಸ್ ನದಿಯಲ್ಲಿ ಮುಳುಗಿಹೋದ ಎಂದು ಕೇಳುತ್ತಲೇ ನಾನು ಬೆಳೆದೆ. ಅಜ್ಜಿ ಹಿಲ್ಡಾ ಹೇಳುತ್ತಿದ್ದ ಕಥೆಯಲ್ಲಿ ನದಿಯ ತಳದಲ್ಲೂ ಒಂದು ಪಬ್ಬಿತ್ತು. ಮುಳುಗಿದ ದೋಣಿಯವರೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತಾರೆ. ಆದರೆ ಮೇಲಿನ ಪಬ್ಬಿನಲ್ಲಿ ಅವರವರ ಲೋಟವನ್ನು ಮನೆಯವರು ಬೋರಲು ಹಾಕುವವರೆಗೆ ಕೆಳಗೆ ಅವರಿಗೆ ಒಂದು ತೊಟ್ಟೂ ಸಿಗುವುದಿಲ್ಲ. “ನಿಮ್ಮ ತಾತನ ಲೋಟ ಇನ್ನೂ ನೆಟ್ಟಗೇ ಇದೆ. ಮಗುಚೋಕೆ ನಂಗೆ ಕೈ ಬರಲಿಲ್ಲ” ಎಂದು ಅಜ್ಜಿ ಪ್ರತಿ ಸಲವೂ ಅಲ್ಲಿಗೇ ಕಥೆ ನಿಲ್ಲಿಸುತ್ತಿದ್ದಳು.

ಲೋಟದ ಪದ್ಧತಿ ಮಾತ್ರ ಕಥೆಯಲ್ಲ. ‘ಕುರುಡು ಅಂಬಿಗ’ ಎಂಬ ಆ ಪಬ್ಬಿನಲ್ಲಿ ಹಳೆಯ ಗಿರಾಕಿಗಳಿಗೆಲ್ಲ ಹೆಸರು ಕೊರೆದ ತವರದ ಲೋಟಗಳಿವೆ, ಕೌಂಟರಿನ ಮೇಲಿನ ಹಲಗೆಯಲ್ಲಿ. ಬದುಕಿರುವವರದ್ದು ಬಾಯಿ ಮೇಲೆ, ಸತ್ತವರದ್ದು ಬಾಯಿ ಕೆಳಗೆ. ಮನೆಯವರು ಬಂದು ಮಗುಚಿದಾಗ ಒಳಗಿದ್ದವರೆಲ್ಲ ಎದ್ದು ನಿಲ್ಲುತ್ತಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಈ ಚಳಿಗಾಲ ಅಜ್ಜಿ ಹಾಸಿಗೆ ಹಿಡಿದಳು. ಇನ್ನು ಕೆಲವೇ ವಾರ ಎಂದರು ಡಾಕ್ಟರು. ಒಂದು ದಿನ ಜ್ವರದಲ್ಲಿ ನೀರು ಕೇಳಿದಳು, ಅರ್ಧ ಕುಡಿದು ಲೋಟ ತಳ್ಳಿದಳು. “ಸಾಕು. ಅವನಿಗೂ ಬಾಯಾರಿರುತ್ತೆ.”

ಅವಳ ಕಣ್ಣು ಮುಚ್ಚುವ ಮೊದಲು ಆ ಲೋಟ ಮಗುಚಿ, ಆ ಸುದ್ದಿಯನ್ನು ಅವಳ ಕಿವಿಗೆ ಹಾಕಬೇಕು ಎನಿಸಿತು. ಕಥೆ ಅರ್ಧಕ್ಕೆ ನಿಂತರೆ ಅವಳೂ ಅರ್ಧಕ್ಕೇ ನಿಂತಂತೆ ನನಗೆ.

ಸೋಮವಾರ ಮಧ್ಯಾಹ್ನ ಪಕ್ಕದ ಮನೆಯವರನ್ನು ಅವಳ ಹತ್ತಿರ ಕೂರಿಸಿ ಹೊರಟೆ. ಪಬ್ಬಿನ ಓಣಿ ಎರಡು ದೊಡ್ಡ ಆಫೀಸುಗಳ ನಡುವೆ ಬಿಟ್ಟ ಬಿರುಕಿನ ಹಾಗಿದೆ. ಎದುರಿಗೆ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಬಿಟ್ಟವರ ಬೆನ್ನಿಗೆ ಹಳೆಯ ಮಸಿ ಹತ್ತುತ್ತದೆ. ತಾತನ ಕೋಟಿನ ಮಸಿ ನೋಡಿಯೇ ಅವನು ಎಲ್ಲಿಂದ ಬಂದನೆಂದು ಅಜ್ಜಿಗೆ ತಿಳಿಯುತ್ತಿತ್ತಂತೆ.

ಒಳಗೆ ಐದಾರು ಮುದುಕರು. ಪಬ್ಬಿನೊಡತಿ ಬ್ರೆಂಡಾ ಪೀಪಾಯಿ ಬದಲಿಸಲು ನೆಲಮಾಳಿಗೆಗೆ ಇಳಿದಿದ್ದಳು. ಹಲಗೆಯಲ್ಲಿ ತಾತನ ಹೆಸರು ಬೇಗನೆ ಸಿಕ್ಕಿತು. ಬೋರಲಿದ್ದ ಲೋಟಗಳ ಮೇಲೆಲ್ಲ ಧೂಳು, ಇದು ಮಾತ್ರ ಫಳಫಳ ಹೊಳೆಯುತ್ತಿತ್ತು. ಗೌರವಕ್ಕೆ ಉಜ್ಜಿಟ್ಟಿದ್ದಾರೆ ಎಂದುಕೊಂಡೆ. ಬೆಂಚು ಹತ್ತಿ ಎರಡೂ ಕೈಯಲ್ಲಿ ಹಿಡಿದು ಮಗುಚಿದೆ. ಈಗಷ್ಟೇ ತೊಳೆದಿಟ್ಟ ಹಾಗೆ ತಳದಲ್ಲಿ ಉಳಿದಿದ್ದ ಹನಿಯೊಂದು ನನ್ನ ಮಣಿಕಟ್ಟಿನ ಮೇಲೆ ಇಳಿಯಿತು.

ಯಾರೂ ಏಳಲಿಲ್ಲ.

ಮೂಲೆಯಲ್ಲಿ ಕಡಲೆಕಾಯಿ ಬೀಜ ತಿನ್ನುತ್ತಿದ್ದ ಮುದುಕ, ಪರ್ಸಿ ಎಂದು ಆಮೇಲೆ ಗೊತ್ತಾಯಿತು, ನಾನು ಯಾರೆಂದು ಕೇಳಿದ. ಕ್ಲೆಮ್‌ನ ಮೊಮ್ಮಗಳು ಎಂದೆ. ಅವನು ಹೋಗಿದ್ದು ಯಾವಾಗ ಎಂದ. ನಲವತ್ತನಾಲ್ಕು ವರ್ಷವಾಯಿತು, ನದಿಯಲ್ಲಿ ಎಂದೆ.

“ಹಾಗಾದ್ರೆ ಹೋದ ಮಂಗಳವಾರ ಇಲ್ಲೇ ಕೂತು ನನ್ನ ಕಡಲೆಕಾಯಿ ಖಾಲಿ ಮಾಡ್ದೋನು ಯಾರಮ್ಮ?”

ಒಬ್ಬ ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ. ಉಳಿದದ್ದನ್ನು ಮೇಲೆ ಬಂದ ಬ್ರೆಂಡಾ ಮೆಲ್ಲಗೆ ಹೇಳಿದಳು. ಆರು ವರ್ಷದ ಹಿಂದೆ ಉತ್ತರದ ಯಾವುದೋ ಬಂದರಿನಿಂದ ಕ್ಲೆಮ್ ವಾಪಸು ಬಂದಿದ್ದನಂತೆ. ಪ್ರತಿ ಮಂಗಳವಾರ ಎರಡು ಗಂಟೆಗೆ ಬರುತ್ತಾನಂತೆ. ಹೆಂಡತಿ ಇದ್ದಳೆಂದು ಯಾವತ್ತೂ ಹೇಳಿದವನಲ್ಲವಂತೆ.

ನಾನು ಬಾಗಿಲಿಗೆ ಓಡಿದೆ. ಹಿಂದಿನಿಂದ ಪರ್ಸಿಯ ದನಿ ಬಂತು. “ಮಗುಚಿದ ಕೈಯೇ ಎತ್ತಬೇಕಮ್ಮ. ನಾವು ಮುಟ್ಟೋ ಹಾಗಿಲ್ಲ. ನಾಳೆ ಬಂದು ಅವನು ನೋಡ್ತಾನೆ.”

ಮನೆಗೆ ಬರುವ ಬಸ್ಸಿನಲ್ಲಿ ಕಥೆಗೆ ಒಂದು ಮುಕ್ತಾಯ ಕಟ್ಟಿಕೊಂಡೆ. ಕೊನೆಯುಸಿರಿನ ಹೊತ್ತಲ್ಲಿ ಅಜ್ಜಿಗೆ ಸತ್ಯ ಯಾಕೆ ಎನಿಸಿತು.

“ಅಜ್ಜಿ, ತಾತನ ಲೋಟ ಮಗುಚಿ ಬಂದೆ” ಎಂದೆ.

ಅವಳು ನನ್ನ ಕಡೆ ಹೊರಳಿದಳು. “ಎದ್ದು ನಿಂತ್ರಾ?”

ಹೌದು ಎಂದರೆ ಮುಗಿಯುತ್ತಿತ್ತು. ಒಂದೇ ಮಾತು. ನಾನು ಅವಳ ಹೊದಿಕೆ ಸರಿಮಾಡತೊಡಗಿದೆ.

“ನಿಲ್ಲಲಿಲ್ಲ” ಎಂದು ಅವಳೇ ಹೇಳಿದಳು. “ನಂಗೊತ್ತಿತ್ತು ಪುಟ್ಟಿ. ಅವತ್ತು ದೋಣಿ ಕಟ್ಟಿದ ಜಾಗದಲ್ಲೇ ಇತ್ತು, ಅವನ ಪೆಟ್ಟಿಗೆ ಇರಲಿಲ್ಲ. ನಿಮ್ಮಪ್ಪನಿಗೆ ಮೂರು ವರ್ಷ. ಬಿಟ್ಟು ಹೋದ ಅನ್ನೋದಕ್ಕಿಂತ ಮುಳುಗಿದ ಅನ್ನೋದು ಬಾಯಿಗೆ ಸುಲಭ ಆಯ್ತು.”

ಮಂಗಳವಾರದ ವಿಷಯ ಹೇಳಿದೆ. ಹೆಂಡತಿಯ ಮಾತು ಮಾತ್ರ ನುಂಗಿಕೊಂಡೆ. ಕರೆದುಕೊಂಡು ಬರಲೇ ಎಂದು ಕೇಳಿದೆ.

“ಬೇಡ. ಕಥೇಲಿ ನಾನು ಸಾಯಿಸಿದ್ದೇ ಸಾಕು. ನಾಳೆ ಹೋಗಿ ಲೋಟ ನೆಟ್ಟಗೆ ಇಟ್ಟು ಬಾ. ಎರಡು ಗಂಟೆ ತನಕ ಕೂರಬೇಡ.”

ಮಂಗಳವಾರ ಹೋಗಿ ಲೋಟ ಎತ್ತಿ ನೆಟ್ಟಗಿಟ್ಟೆ. ಸತ್ತು ಒಂದೇ ದಿನದಲ್ಲಿ ಎದ್ದು ಬಂದವನು ಇವನೊಬ್ಬನೇ, ಪಾಪ ಅವನಿಗೇ ಗೊತ್ತಿಲ್ಲ ಎಂದ ಪರ್ಸಿ. ಅವನಿಗೆ ಹೇಳಲೇ ಎಂದ. ಬೇಡ ಎಂದೆ. ಆದರೂ ಎದ್ದು ಬರಲಾಗಲಿಲ್ಲ. ಅರ್ಧ ಗ್ಲಾಸು ಬಿಯರ್ ಮುಂದಿಟ್ಟುಕೊಂಡು ಗಡಿಯಾರ ನೋಡುತ್ತ ಕೂತೆ. ಎರಡಕ್ಕೆ ಹತ್ತು ನಿಮಿಷವಿದ್ದಾಗ ಅಜ್ಜಿಯ ಮಾತಿಗೆ ಹೆದರಿ ಹೊರಬಿದ್ದೆ.

ಓಣಿಯ ನಡುವೆ ಒಬ್ಬ ಮುದುಕ ಕೋಲೂರಿಕೊಂಡು ಎದುರಾದ. ನಾನು ಗೋಡೆಗೆ ಒರಗಿದೆ. ಆಯ ತಪ್ಪದಿರಲು ಅವನು ನನ್ನ ಭುಜದ ಪಕ್ಕದ ಇಟ್ಟಿಗೆಗೆ ಎಡಗೈ ಊರಿದ. ಮೂರೇ ಬೆರಳು. ಉಳಿದೆರಡು ದೋಣಿಯ ಹಗ್ಗಕ್ಕೆ ಸಿಕ್ಕಿ ಹೋದದ್ದು ಅಜ್ಜಿಯ ಕಥೆಗಳಲ್ಲಿ ನನಗೆ ಬಾಯಿಪಾಠ.

“ಗೋಡೆಗೆ ಅಷ್ಟೊಂದು ಅಂಟ್ಕೋಬೇಡ ಮಗಳೇ, ಕೋಟು ಹಾಳಾಗುತ್ತೆ” ಎಂದು ದಾಟಿಹೋದ.

ತಾತ ಎಂಬ ಮಾತು ಹಲ್ಲಿನವರೆಗೆ ಬಂದಿತ್ತು. ಕೋಲಿನ ಸದ್ದು ಪಬ್ಬಿನ ಬಾಗಿಲಲ್ಲಿ ನಿಂತಿತು. ನಾನು ನಡೆದೆ.

ಲೋಟ ನೆಟ್ಟಗಿದೆ ಎಂದು ಅಜ್ಜಿಗೆ ಹೇಳಿ ಕೋಟು ಬಿಚ್ಚಲು ತಿರುಗಿದೆ. ಬಾ ಇಲ್ಲಿ ಎಂದಳು. ಮಂಚದ ಅಂಚಿಗೆ ಬೆನ್ನು ಮಾಡಿ ಕೂತೆ. ಶಕ್ತಿಯಿಲ್ಲದ ಕೈಯಿಂದ ಅವಳು ಮಸಿ ಕೊಡವಲು ಶುರುಮಾಡಿದಳು. ಆಮೇಲೆ ಕೊಡವುವುದು ನಿಂತು, ಸುಮ್ಮನೆ ಸವರತೊಡಗಿದಳು.

“ನೇರ ನಡೀತಾನಾ?”

“ಕೋಲು ಹಿಡ್ಕೊಂಡಿದಾನೆ, ಅಜ್ಜಿ.”

ತಿರುಗಿ ನೋಡಿದೆ. ಅವಳ ಅಂಗೈ ಮಸಿಯಿಂದ ಕಪ್ಪಾಗಿತ್ತು. ಒದ್ದೆ ಬಟ್ಟೆ ತಂದು ಒರೆಸಲು ಹೋದರೆ ಅವಳು ಮುಷ್ಟಿ ಬಿಗಿದುಕೊಂಡಳು.