ಎಂಟನೇ ರೀಲಿನ ಅಜ್ಜಿ

ನನ್ನ ಮೈಯಲ್ಲಿ ಹೊಡೆದಾಟವಿಲ್ಲ, ಹಾಡಿಲ್ಲ, ನಾಯಕಿಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಪಟ್ಟ ಪಾಡಿಗೆಲ್ಲ ಅದೇ ಕಾರಣ.

ನಾನು ಸಿನಿಮಾದ ಒಂದು ರೀಲು. ಮದ್ರಾಸಿನ ಲ್ಯಾಬಿನ ಕತ್ತಲೆಯಲ್ಲಿ ಹುಟ್ಟಿದ ಹದಿನಾಲ್ಕು ರೀಲುಗಳಲ್ಲಿ ಎಂಟನೆಯದು. ತೊಟ್ಟಿಯಿಂದ ತೊಟ್ಟಿಗೆ ಮುಳುಗಿಸಿ ಎತ್ತಿ, ಒಣಗಿಸಿ, ತಗಡಿನ ಡಬ್ಬಿಗೆ ಹಾಕಿ ಮೇಲೆ ‘೮’ ಎಂದು ಬರೆದರು. ನಾಮಕರಣ ಮುಗಿಯಿತು.

ಸಿನಿಮಾದ ಕತೆ ದೊಡ್ಡದೇನಲ್ಲ. ಕೊಡೆ ರಿಪೇರಿ ಮಾಡುವವನೊಬ್ಬ ಎಲ್ಲಿಂದಲೋ ಒಂದು ಊರಿಗೆ ಬರುತ್ತಾನೆ. ಆ ಊರಿನಲ್ಲಿ ಮಳೆಯೇ ಅಪರೂಪ. ಅವನಿಗೆ ಅಲ್ಲಿಯ ಭಾಷೆ ಅರ್ಧಂಬರ್ಧ, ರೀತಿನೀತಿ ಅದೂ ಇಲ್ಲ. ಜನ ನಗುತ್ತಾರೆ. ನನ್ನ ಪಾಲಿಗೆ ಬಂದದ್ದು ಮದುವೆ ಊಟ. ಪಂಕ್ತಿಯಲ್ಲಿ ಎಲ್ಲರದೂ ಮುಗಿಯುವ ತನಕ ಯಾರೂ ಏಳಬಾರದೆಂದು ಅವನಿಗೆ ಗೊತ್ತಿಲ್ಲ. ಪಾಯಸ ಬರುವ ಮೊದಲೇ ಎಲೆ ಮಡಚಿ ಎದ್ದುಬಿಡುತ್ತಾನೆ. ತುತ್ತುಗಳು ಬಾಯಿಯ ಹತ್ತಿರವೇ ನಿಲ್ಲುತ್ತವೆ. ಬೀಗರ ಮುಖ ಕೆಂಪಾಗುತ್ತದೆ. ಆಗ ಪಕ್ಕದಲ್ಲಿದ್ದ, ಹೋಳಿಗೆಯನ್ನು ಇನ್ನೂ ಮುರಿದೇ ಇರದ ಅಜ್ಜಿಯೊಬ್ಬಳು ಮೊಣಕಾಲು ಹಿಡಿದುಕೊಂಡು ಎದ್ದು “ನಂದೂ ಆಯ್ತು” ಎನ್ನುತ್ತಾಳೆ. ಅವಳ ಹಿಂದೆ ಮತ್ತೊಬ್ಬರು, ಮಗದೊಬ್ಬರು. ಕೊನೆಗೆ ಬಡಿಸುವವನು ಪಾಯಸದ ಬಕೆಟ್ ಹಿಡಿದು ಖಾಲಿ ಪಂಕ್ತಿಯೆದುರು ನಿಂತಿರುತ್ತಾನೆ. ಒಟ್ಟು ಹನ್ನೊಂದು ನಿಮಿಷ. ಒಂಬತ್ತನೇ ರೀಲಿನಿಂದ ಆಚೆಗೆ ಅವನು ಆ ಅಜ್ಜಿಯ ಮಗ.

ಬೆಂಗಳೂರು, ಹುಬ್ಬಳ್ಳಿ ಸುತ್ತಿ, ಬಸ್ಸಿನ ನೆತ್ತಿಯ ಮೇಲೆ ಬಿಸಿಲು ಕಾಯಿಸಿಕೊಂಡು ಗಜೇಂದ್ರಗಡದ ಕಳಕಪ್ಪನವರ ಥೇಟರಿಗೆ ಬಂದೆವು. ಅಲ್ಲಿ ನಮ್ಮನ್ನು ಮಷಿನ್ನಿಗೆ ಹಾಕುತ್ತಿದ್ದವನು ಆಪರೇಟರ್ ಮಾಬುಸಾಬ. ಮೊದಲ ದಿನ ನಾನು ಓಡುತ್ತಿದ್ದಾಗ ಅವನು ಕ್ಯಾಬಿನ್ನಿನ ಕಿಂಡಿಗೆ ಕಣ್ಣಿಟ್ಟು ನಕ್ಕ, ಆಮೇಲೆ ಮೂಗೊರೆಸಿಕೊಂಡ. ಮರುದಿನವೇ ಕಳಕಪ್ಪ ಮೇಲೆ ಹತ್ತಿ ಬಂದರು.

“ಮಾಬೂ, ಹಳ್ಳಿ ಬಸ್ಸು ಐದಕ್ಕ ಬಿಡತೈತಿ. ನಿನ್ನ ಮ್ಯಾಟ್ನಿ ಐದೂ ಹತ್ತಕ್ಕ ಬಿಡತೈತಿ. ಮಂದಿ ನಡುವ ಎದ್ದು ಓಡತಾರ. ಮ್ಯಾಟ್ನಿಗೆ ಒಂದು ರೀಲ್ ತಗದು ಒಗಿ.”

“ಯಾವುದ್ ತಗೀಲ್ರಿ ಧಣೇರ?”

“ಫೈಟಿಲ್ಲದ್ದು. ಹಾಡಿಲ್ಲದ್ದು.”

ಮಾಬುಸಾಬ ನನ್ನ ಕಡೆ ನೋಡಿದ. “ಎಂಟು ಐತ್ರಿ. ಆದ್ರ ಪಿಚ್ಚರಿನ ಜೀವಾನ ಅದರಾಗ ಐತಿ.”

“ಮಂದಿ ಉಣ್ಣೂದು ನೋಡಾಕ ಟಾಕೀಸಿಗ್ಯಾಕ ಬರಬೇಕಲೇ? ಮನ್ಯಾಗ ನೋಡತಾರ.”

ಮ್ಯಾಟ್ನಿಗೆ ಹಳ್ಳಿಯವರು, ಸಂಜೆಯ ಫಸ್ಟ್ ಶೋಗೆ ಪೇಟೆಯವರು. ಹೀಗಾಗಿ ಪೇಟೆಯವರಿಗೆ ಇಡೀ ಸಿನಿಮಾ, ಹಳ್ಳಿಯವರಿಗೆ ನಾನಿಲ್ಲದ ಸಿನಿಮಾ. ಕೊಡೆಯವನು ಇದ್ದಕ್ಕಿದ್ದಂತೆ ಅಜ್ಜಿಗೆ ಮಗನಾದದ್ದು ಹೇಗೆಂದು ಹಳ್ಳಿಯವರು ತಲೆ ಕೆರೆದುಕೊಂಡು, ದತ್ತಕ ತಗೊಂಡಿರಬೇಕು ಎಂದು ತೀರ್ಮಾನಿಸಿದರು. ಸಿನಿಮಾದವರು ಹೇಳದೆ ಬಿಟ್ಟದ್ದನ್ನು ತುಂಬಿಕೊಳ್ಳುವ ಔದಾರ್ಯ ಪ್ರೇಕ್ಷಕರಿಗೆ ಇದ್ದೇ ಇರುತ್ತದೆ.

ಗುಟ್ಟು ಒಡೆದದ್ದು ಬಳೆ ಅಂಗಡಿಯಲ್ಲಿ. ಇದನ್ನು ಮಾಬುಸಾಬ ಆಮೇಲೆ ನನ್ನನ್ನು ಚಕ್ರಕ್ಕೆ ಸುತ್ತುತ್ತಾ ಹೇಳಿದ. ಪೇಟೆಯ ಹೆಂಗಸೊಬ್ಬಳು ಕೈ ಒಡ್ಡಿಕೊಂಡು, “ಆ ಅಜ್ಜಿ ಎದ್ದ ನಿಂತಾಗ ನಾ ಅತ್ತಬಿಟ್ಟೆನವಾ” ಎಂದಳು. ಪಕ್ಕದಲ್ಲಿದ್ದ ಹಳ್ಳಿಯ ನಿಂಗವ್ವ ತಿರುಗಿದಳು.

“ಅಜ್ಜಿ ಎಲ್ಲಿ ಎದ್ಲು? ನಾ ಎರಡ ಸಲ ನೋಡೀನಿ.”

“ನಿದ್ದಿ ಹೊಡದಿರಬೇಕು ಬಿಡ.”

ನಿಂಗವ್ವ ಮೂರನೆಯ ಸಲ ಬಂದಳು. ಜೊತೆಗೆ ಒಂದು ಬಸ್ಸಿನಷ್ಟು ಸಾಕ್ಷಿಗಳು. ಕಣ್ಣು ಮಿಟುಕಿಸದೆ ನೋಡಿದರು. ಅಜ್ಜಿ ಏಳಲಿಲ್ಲ. ಶುಭಂ ಬಂತು, ದೀಪ ಹತ್ತಿತು, ಹೊರಗೆ ಬಸ್ಸು ಹಾರನ್ ಹೊಡೆಯಿತು. ಯಾರೂ ಕುರ್ಚಿ ಬಿಡಲಿಲ್ಲ. ನಿಂಗವ್ವ ಮಾತ್ರ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದಳು.

“ಯಣ್ಣಾ, ನಮ್ಮ ಅಜ್ಜೀನ ಎಲ್ಲಿ ಮುಚ್ಚಿಟ್ಟೀ?”

ಮಾಬುಸಾಬನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೂಲೆಯಲ್ಲಿದ್ದ ನನ್ನ ಕಡೆ ಅವನ ಕಣ್ಣು ಹೋಯಿತು. “ನಿಮಗ ಬಸ್ಸ ತಪ್ಪಬಾರದಂತ ಧಣೇರು ತಗಸ್ಯಾರವಾ.”

“ಬಸ್ಸ ತಪ್ಪಿದ್ರ ನಮಗ ತಪ್ಪತೈತಿ. ಪ್ಯಾಟಿ ಮಂದೀಗೆ ಪೂರಾ, ನಮಗ ಹರಕು? ಹಾಕು.”

“ಹಾಕಿದ್ರ ನನ್ನ ನೌಕರಿ ಹೊಕ್ಕೈತಿ.”

“ಹಾಕದಿದ್ರ ನಾವು ಏಳೂದಿಲ್ಲ. ಫಸ್ಟ್ ಶೋದವರನ್ನ ನಮ್ಮ ತೊಡಿ ಮ್ಯಾಲ ಕೂಡಸಾಕ ಹೇಳು ನಿಮ್ಮ ಧಣಿಗೆ.”

ಮಾಬುಸಾಬ ನನ್ನ ಡಬ್ಬಿ ತೆರೆದ.

ಶುಭಂ ಆದ ಮೇಲೆ ಶುರುವಾದ ರೀಲು ಬಹುಶಃ ನಾನೊಂದೇ. ನಿಂಗವ್ವ ಕೆಳಗಿಳಿದು ಹೋಗಿ ಕುಳಿತಳು. ದೀಪ ಆರಿತು. ಪಂಕ್ತಿ ಕುಳಿತಿತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಸ್ಸಿನ ಕಂಡಕ್ಟರ್ ಬಂದ. ಕೋಲಾರದ ಕಡೆಯ ನಾರಾಯಣಸ್ವಾಮಿ. ಅವನು “ಒಳಕ್ಕೆ ಹೋಗಿ” ಎಂದರೆ ಬಸ್ಸಿಗೆ ಬಸ್ಸೇ “ವಳಕ್ಕೆ ಓಗಿ” ಎಂದು ಅಣಕಿಸುತ್ತಿತ್ತಂತೆ.

“ಯಾರ್ರೀ ಅದು ಬಸ್ಸಿಗೆ? ಡ್ರೈವರ್ ಹೊರಟೋದ್ರೆ ನನ್ನ ಕೇಳ್ಬೇಡಿ!”

ಯಾರೂ ತಿರುಗಲಿಲ್ಲ. ಹಿಂದೆಯೇ ಕಳಕಪ್ಪ ಓಡಿ ಬಂದರು. “ಕಂಡಕ್ಟರ್ ಸಾಹೇಬ್ರ, ಎಬ್ಬಸ್ರಿ ಇವರನ್ನ!”

ಪರದೆಯ ಮೇಲೆ ಕೊಡೆಯವನು ಎಂಜಲು ಕೈ ಎತ್ತಿಕೊಂಡು ಒಬ್ಬನೇ ನಿಂತಿದ್ದ. ಇಡೀ ಪಂಕ್ತಿ ಅವನನ್ನೇ ನೋಡುತ್ತಿತ್ತು. ಕಂಡಕ್ಟರ್ ಅಲ್ಲೇ ನಿಂತ.

“ಸ್ವಲ್ಪ ಸುಮ್ನಿರಿ ಸ್ವಾಮಿ. ಪಾಪ, ಅವನಿಗೇನು ಗೊತ್ತು ಇವರ ಪದ್ಧತಿ.”

ಅಜ್ಜಿ ಎದ್ದಳು. ಥೇಟರಿನಲ್ಲಿ ಶಿಳ್ಳೆ ಬಿತ್ತು. ಕಂಡಕ್ಟರ್ ಟಿಕೆಟ್ ಚೀಲ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತುಬಿಟ್ಟ. ನಿಂಗವ್ವ ತನ್ನ ಪಕ್ಕದವಳನ್ನು ಒತ್ತರಿಸಿ, “ಮ್ಯಾಲ ಬಾರೋ ಅಣ್ಣಾ, ವಳಕ್ಕೆ ಬಾ” ಎಂದಳು. ಅವನೂ ನಕ್ಕ.

ಹೊರಗಿನವನ ಸಿನಿಮಾವನ್ನು ಒಳಗಿನವರು ಯಾಕಿಷ್ಟು ಹಚ್ಚಿಕೊಳ್ಳುತ್ತಾರೆಂದು ಆಮೇಲೆ ಪತ್ರಿಕೆಗಳಲ್ಲಿ ಬಲ್ಲವರು ಬರೆದರು. ನಾನು ಬಿಳಿಯ ಪರದೆಯಿಂದ ಆ ಮುಖಗಳನ್ನು ಎದುರಾ ಎದುರೇ ನೋಡಿದ್ದೇನೆ. ಗಂಡನ ಊರಿಗೆ ಬಂದ ಸೊಸೆಯರು, ವರ್ಗವಾಗಿ ಬಂದ ಮಾಸ್ತರರು, ಪೇಟೆಗೆ ಬಂದ ಹಳ್ಳಿಯವರು. ಒಳಗಿನವರು ಯಾರೂ ಅಲ್ಲಿರಲಿಲ್ಲ. ಎಲ್ಲರೂ ಎಲ್ಲೋ ಒಮ್ಮೆ ತಪ್ಪು ಹೊತ್ತಿಗೆ ಎದ್ದು ನಿಂತವರೇ.

ಬಸ್ಸು ತಡವಾದದ್ದಕ್ಕೆ ಕಂಡಕ್ಟರನಿಗೆ ಮೆಮೊ ಬಂತು. ‘ಪಂಕ್ತಿ ಮುಗಿದಿರಲಿಲ್ಲ’ ಎಂದು ಉತ್ತರ ಬರೆದುಕೊಟ್ಟನಂತೆ. ಮಾಬುಸಾಬನ ನೌಕರಿ ಹೋಯಿತು. ಆದರೆ ಆ ಮಷಿನ್ನಿನೊಳಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳ ಬೆಂಕಿಯನ್ನು ಹದವಾಗಿ ಉರಿಸಲು ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಎರಡು ದಿನ ಪರದೆ ಮಬ್ಬಾಗಿ, ಮೂರನೆಯ ದಿನ ಕಳಕಪ್ಪನವರೇ ಅವನ ಮನೆಗೆ ಹೋದರು.

“ನಡಿಯೋ ಮಾರಾಯಾ.”

“ಎಂಟು ಇದ್ರ ಬರತೀನ್ರಿ.”

ಅಂದಿನಿಂದ ಮ್ಯಾಟ್ನಿಯನ್ನು ಕಾಲು ಗಂಟೆ ಮೊದಲೇ ಶುರು ಮಾಡಿದರು. ಇಷ್ಟು ಸರಳವಾದದ್ದು ಮೊದಲು ಯಾರಿಗೂ ಹೊಳೆದಿರಲಿಲ್ಲ. ಕತ್ತರಿ ಕೈಯಲ್ಲಿದ್ದಾಗ ಗಡಿಯಾರದ ಕಡೆ ಯಾರು ನೋಡುತ್ತಾರೆ?

ವರ್ಷಗಳು ಕಳೆದವು. ಊರೂರು ಸುತ್ತಿ, ಮೈಯೆಲ್ಲ ಗೀರಾಗಿ, ಮತ್ತೆ ಅದೇ ಥೇಟರಿಗೆ ಬಂದಾಗ ನಮ್ಮನ್ನು ತೋರಿಸುವ ಕರಾರು ಮುಗಿದಿತ್ತು. ಕರಾರು ಮುಗಿದ ಪ್ರಿಂಟನ್ನು ಕೊಡಲಿಯಿಂದ ಕಡಿದು ಹಾಕುವುದು ಈ ವ್ಯವಹಾರದ ಪದ್ಧತಿ. ವಿತರಕರ ಕಡೆಯವನು ಹದಿನಾಲ್ಕು ಡಬ್ಬಿ ಎಣಿಸಿಕೊಂಡು ಹೋದ. ಎಂಟನೇ ಡಬ್ಬಿಯಲ್ಲಿ ಇದ್ದದ್ದು ಕುಟುಂಬ ಯೋಜನೆಯ ಹಳೇ ನ್ಯೂಸ್‌ರೀಲು. ಬದುಕಿನಲ್ಲಿ ಒಂದು ಮೊಳೆಯನ್ನೂ ಕದಿಯದ ಮಾಬುಸಾಬ ಆ ದಿನ ನನ್ನನ್ನು ಲುಂಗಿಯಲ್ಲಿ ಸುತ್ತಿಕೊಂಡು ಮನೆಗೆ ಒಯ್ದ.

ಈಗ ಅವನ ಮನೆಯ ಅಟ್ಟದ ಮೇಲಿದ್ದೇನೆ. ಬಣ್ಣ ಕೆಂಪಿಗೆ ತಿರುಗಿದೆ, ಮೈ ಹುಳಿ ವಾಸನೆ ಹೊಡೆಯುತ್ತದೆ. ಅವನ ಹೆಂಡತಿ ತಿಂಗಳಿಗೊಮ್ಮೆ “ಇದನ್ನ ಒಗದು ಬರ್ರಿ” ಎನ್ನುತ್ತಾಳೆ. ಅವನಿಗೆ ಕಿವಿ ಮಂದ. ಆ ಮಾತಿಗೆ ಇನ್ನಷ್ಟು ಮಂದ.

ಮೊನ್ನೆ ಬೆಂಗಳೂರಿನಿಂದ ಹಳೇ ಸಿನಿಮಾ ಹುಡುಕುವವರೊಬ್ಬರು ಬಂದಿದ್ದರು. ಬಿಳಿ ಕೈಗವಸು ತೊಟ್ಟು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸಿನಿಮಾದ ಹೆಸರು ಕೇಳಿ ಖುಷಿಪಟ್ಟರು, ಆಮೇಲೆ ಪೆಚ್ಚಾದರು.

“ಒಂದೇ ರೀಲಾ? ಆರಂಭ ಇಲ್ಲ, ಅಂತ್ಯ ಇಲ್ಲ. ಇದೊಂದನ್ನೇ ಇಟ್ಕೊಂಡು ಏನ್ಮಾಡೋದು ಸಾಹೇಬ್ರೇ?”

ಮಾಬುಸಾಬನಿಗೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ನನ್ನನ್ನು ಅವರ ಕೈಯಿಂದ ತೆಗೆದುಕೊಂಡು ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದ.

“ಕಳದದ್ದು ಇದಲ್ರೀ, ಆ ಹದಿಮೂರು. ಹುಡುಕ್ಕೊಂಡ ಬರ್ರಿ. ಎಂಟು ಇಲ್ಲೇ ಇರತೈತಿ.”