ಅಕ್ಕನ ಕಟಿಂಗ್ ಮಷೀನು

ಅಕ್ಕ ಊರು ಬಿಟ್ಟು ಹೋಗಿ ಏಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿ, ಕಟಿಂಗ್ ಮಷೀನನ್ನು ತನ್ನ ಊರಿಗೆ ಕಳಿಸಬೇಕು ಎಂದಳು. ಉಪ್ಪಿನ ಪೊಟ್ಟಣ ಕಳಿಸು ಎಂದಷ್ಟು ಸಲೀಸಾಗಿ ಹೇಳಿದಳು. ಕಾಗದ ಕತ್ತರಿಸುವ ಆ ಮಷೀನು ಎರಕದ ಕಬ್ಬಿಣದ್ದು. ಅಪ್ಪ ಅದನ್ನು ಅಂಗಡಿಗೆ ತಂದ ದಿನ ಎಂಟು ಜನ ಸೇರಿ ಹೊತ್ತಿದ್ದರಂತೆ, ಅವರಲ್ಲಿ ಇಬ್ಬರು ಮಾರನೆಯ ದಿನ ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ತೂಕ ಎಷ್ಟು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಜಾಗ ಬಿಟ್ಟು ಕದಲದ ವಸ್ತುವಿನ ತೂಕ ಕಟ್ಟಿಕೊಂಡು ಯಾರಿಗೆ ಏನಾಗಬೇಕು?

ನಮ್ಮದು ಬೈಂಡಿಂಗ್ ಅಂಗಡಿ. ಕಚೇರಿಯ ರಿಜಿಸ್ಟರು, ಕಾಲೇಜಿನ ಪ್ರಬಂಧ, ಬೆನ್ನು ಕಿತ್ತುಹೋದ ನಿಘಂಟು, ಇಂಥವೆಲ್ಲ ಬರುತ್ತವೆ. ಅಪ್ಪ ತೀರಿಕೊಂಡ ಮೇಲೆ ಮೂವತ್ತು ವರ್ಷ ಅಕ್ಕ-ತಂಗಿ ನಾವಿಬ್ಬರೂ ಎದುರುಬದುರು ಕೂತು ಹೊಲಿದೆವು, ಅಂಟಿಸಿದೆವು, ಕತ್ತರಿಸಿದೆವು. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ತಾವೇ ಸುಸ್ತಾಗಿ ಸುಮ್ಮನಾದರು. ಹಾಗೆ ಎಲ್ಲರೂ ಸುಮ್ಮನಾದ ಮೇಲೆ, ಐವತ್ತಾರನೆಯ ವಯಸ್ಸಿನಲ್ಲಿ, ಅಕ್ಕ ಮದುವೆಯಾದಳು. ಭಾವನದು ಎರಡು ರಾತ್ರಿ ಒಂದು ಹಗಲು ಪ್ರಯಾಣದಷ್ಟು ದೂರದ ಊರಲ್ಲಿ ಸ್ಟೇಷನರಿ ಅಂಗಡಿ. ಮೊದಲ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ವರ್ಷಕ್ಕೊಮ್ಮೆ ನಮ್ಮ ರಿಜಿಸ್ಟರು ಕೊಳ್ಳಲು ಬರುತ್ತಿದ್ದರು, ಒಂದು ವರ್ಷ ಎರಡು ಸಲ ಬಂದರು. ಅಕ್ಕ ಸುದ್ದಿ ಹೇಳಿದಾಗ ನಾನು, "ಇನ್ನು ಮುಖಕ್ಕೆ ಪೌಡರ್ ಬಳ್ಕೊಳ್ಳೋದೊಂದು ಬಾಕಿ ಇತ್ತು" ಎಂದುಬಿಟ್ಟೆ. ಅವಳು ಕೈಯಲ್ಲಿದ್ದ ಹೊಲಿಗೆ ಮುಗಿಸಿ ದಾರ ಕಡಿದಳು. ಆಮೇಲೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಎಷ್ಟೋ ಸಲ ಬಾಯಿ ತೆರೆದೆ, ತೆರೆದಾಗಲೆಲ್ಲ ಬೇರೇನೋ ಹೇಳಿದೆ.

ಮಷೀನಿಗೆ ಇಬ್ಬರು ಬೇಕು. ಒಬ್ಬರು ಹಾಳೆಗಳ ಕಟ್ಟನ್ನು ಅಂಚು ಕೂಡಿಸಿ ಹಿಡಿಯಬೇಕು, ಇನ್ನೊಬ್ಬರು ದೊಡ್ಡ ಚಕ್ರ ತಿರುಗಿಸಿ ಬ್ಲೇಡನ್ನು ಇಳಿಸಬೇಕು. ಅಕ್ಕ ಹಿಡಿಯುತ್ತಿದ್ದಳು, ನಾನು ತಿರುಗಿಸುತ್ತಿದ್ದೆ. ಅವಳ ಬೆರಳು ಬ್ಲೇಡಿನಿಂದ ಒಂದಂಗುಲ ದೂರದಲ್ಲಿರುತ್ತಿತ್ತು, ಮೂವತ್ತು ವರ್ಷದಲ್ಲಿ ಒಮ್ಮೆಯೂ ತರಚಲಿಲ್ಲ. ಅವಳು ಹೋದ ಮೇಲೆ ಮಷೀನಿನ ಮೇಲೆ ಹಳೆಯ ಚಾದರ ಹೊದಿಸಿದ್ದೆ. ಪುಸ್ತಕಗಳ ಅಂಚು ಕತ್ತರಿಸಲು ಮುದ್ರಣಾಲಯದವರ ಬಳಿ ಹೊತ್ತುಕೊಂಡು ಹೋಗುತ್ತಿದ್ದೆ.

ಮೊದಮೊದಲು ಅಕ್ಕನ ಫೋನ್ ವಾರಕ್ಕೆರಡು ಸಲ ಬರುತ್ತಿತ್ತು. ಊಟ ಆಯ್ತಾ ಎನ್ನುತ್ತಿದ್ದಳು, ಆಯ್ತು ಎನ್ನುತ್ತಿದ್ದೆ. ನಿಂದಾಯ್ತಾ ಎಂದರೆ ಅವಳದೂ ಆಗಿರುತ್ತಿತ್ತು. ಅಲ್ಲಿಗೆ ಸರಕು ಖಾಲಿ. ಮೂವತ್ತು ವರ್ಷ ನಾವು ಆಡಿದ್ದೆಲ್ಲ ಅಂಟು ತೆಳುವಾಯ್ತು, ಅಂಚು ಸೊಟ್ಟ ಬಂತು ಎನ್ನುವ ಮಾತುಗಳೇ. ಸಿಟ್ಟು, ಸೆಡವು, ಅಕ್ಕರೆ ಎಲ್ಲವೂ ಆ ಮಾತಿನ ಸಂದಿಯಲ್ಲೇ ಬಂದುಹೋಗುತ್ತಿದ್ದವು. ಕೆಲಸ ತೆಗೆದುಬಿಟ್ಟರೆ ನಮಗಿಬ್ಬರಿಗೂ ಮಾತೇ ಬರುವುದಿಲ್ಲ ಎಂದು ಗೊತ್ತಾದದ್ದು ಅವಳು ಹೋದ ಮೇಲೆ. ವಾರಕ್ಕೆರಡು ಇದ್ದ ಫೋನ್ ತಿಂಗಳಿಗೊಂದಕ್ಕೆ ಬಂದಿತ್ತು.

ಅಂಥ ಹೊತ್ತಿನಲ್ಲಿ ಈ ಬೇಡಿಕೆ. ಇಲ್ಲ ಎನ್ನುವ ಹಾಗಿರಲಿಲ್ಲ. ಅಂಗಡಿ ಚಿಕ್ಕವಳಿಗೆ, ಮಷೀನು ದೊಡ್ಡವಳಿಗೆ ಎಂದು ಅಪ್ಪನೇ ಹೇಳಿ ಹೋಗಿದ್ದರು. ಹೇಳಿಬಿಡುತ್ತೇನೆ, ನನಗೆ ಕಳಿಸಲು ಎಳ್ಳಷ್ಟೂ ಮನಸ್ಸಿರಲಿಲ್ಲ. ಕಬ್ಬಿಣದ ಮೇಲಿನ ಆಸೆಯಿಂದಲ್ಲ. ಅದೂ ಹೊರಟುಹೋದರೆ ಅಕ್ಕನಿಗೆ ನನ್ನ ಹತ್ತಿರ ಕೇಳುವಂಥದ್ದು ಏನೂ ಉಳಿಯುವುದಿಲ್ಲ, ಆಮೇಲೆ ಆ ತಿಂಗಳಿಗೊಂದು ಫೋನೂ ನಿಲ್ಲುತ್ತದೆ ಎಂದು ಹೆದರಿದ್ದೆ. ಒಂದೇ ಒಂದು ಆಸರೆಯಿತ್ತು. ಫೋನ್ ಇಡುವ ಮುಂಚೆ ಅವಳು, ಅಗ್ಗಕ್ಕೆ ಆಗುವುದಾದರೆ ಮಾತ್ರ ಕಳಿಸು, ದುಬಾರಿಯಾದರೆ ಬೇಡ ಎಂದಿದ್ದಳು.

ಹೀಗಾಗಿ ನಾನು ಲಾರಿ ಕಚೇರಿಗಳನ್ನು ಹುಡುಕಿಕೊಂಡು ಹೊರಟೆ. ದುಬಾರಿ ದರ ಕೇಳಿ ಖುಷಿಪಟ್ಟ ಗಿರಾಕಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಮೊದಲ ಕಚೇರಿಯಲ್ಲಿ ಗಾಜಿನ ಹಿಂದೆ ಕೂತವಳು ಉದ್ದ, ಅಗಲ, ಎತ್ತರ ಕೇಳಿದಳು. ತೂಕಕ್ಕೊಂದು ದರ, ಹಿಡಿಯುವ ಜಾಗಕ್ಕೊಂದು ದರ, ಎರಡರಲ್ಲಿ ಯಾವುದು ಹೆಚ್ಚೋ ಅದು ಎಂದಳು. ಒಟ್ಟು ನನ್ನ ಅಂಗಡಿಯ ಮೂರು ತಿಂಗಳ ಬಾಡಿಗೆಯಷ್ಟಾಯಿತು. ಅವಳಿಗೆ ಕೈಮುಗಿದು ಬಂದು ಅಕ್ಕನಿಗೆ ಫೋನ್ ಮಾಡಿದೆ. ರೈಲಿನ ಪಾರ್ಸೆಲ್ ಕಚೇರಿಯವರು ಸಾಗಿಸುವ ದರ ಕಡಿಮೆಯೇ ಹೇಳಿದರು. ಆದರೆ ಎರಡೂ ಕಡೆ ಎತ್ತಿ ಇಳಿಸುವ ಜನ ನಿಮ್ಮದೇ ಎಂದಾಗ ಲೆಕ್ಕ ಮೊದಲಿನದಕ್ಕಿಂತ ಮೇಲೆ ಹೋಯಿತು. ಅದಕ್ಕೂ ಫೋನ್ ಮಾಡಿದೆ. ಮನೆ ಸಾಮಾನು ಸಾಗಿಸುವವನೊಬ್ಬ ಅಂಗಡಿಗೇ ಬಂದು ಚಾದರ ಎತ್ತಿ ನೋಡಿದ. ಇದನ್ನು ಇಲ್ಲೇ ಗುಜರಿಗೆ ಹಾಕಿ, ಅಲ್ಲಿ ಹೊಸದು ಕೊಳ್ಳಿ ಎಂದ. ಅವನನ್ನು ಮೆಟ್ಟಿಲಿಳಿಸಿ ಬಂದು ಮತ್ತೆ ಫೋನ್ ಮಾಡಿದೆ. ಎರಡು ವಾರದಲ್ಲಿ ಐದು ಸಲ ಮಾತಾಡಿದ್ದೆವು.

ನನ್ನ ಸುಖಕ್ಕೆ ಕಲ್ಲು ಹಾಕಿದವರು ಕಾಗದದ ಸಾಹುಕಾರರು. ನಮಗೆ ರಿಮ್ಮುಗಟ್ಟಲೆ ಕಾಗದ ಮಾರುವವರು, ಅಂಗಡಿ ಅದೇ ಬೀದಿಯಲ್ಲಿದೆ. ವಿಷಯ ಕೇಳಿ ಹಣೆ ಚಚ್ಚಿಕೊಂಡರು. ತಿಂಗಳಿಗೊಮ್ಮೆ ತಮಗೆ ಕಾಗದ ತರುವ ಲಾರಿ ಅಕ್ಕನ ಊರಿನದೇ, ಇಳಿಸಿ ಖಾಲಿ ವಾಪಸ್ ಹೋಗುತ್ತದೆ, ಡೀಸೆಲಿಗಾದರೂ ಆಯಿತು ಎಂದು ಡ್ರೈವರ್ ಹಲ್ಲು ಕಿರಿದು ಒಪ್ಪುತ್ತಾನೆ ಎಂದರು. ಅವರು ಹೇಳಿದ ದರ ಹತ್ತು ರಿಮ್ ಕಾಗದದ ಬೆಲೆಯೂ ಇರಲಿಲ್ಲ. ಆ ಲಾರಿ ಎಷ್ಟೋ ವರ್ಷದಿಂದ ನನ್ನ ಬಾಗಿಲಿಗೇ ಅಡ್ಡ ನಿಲ್ಲುತ್ತಿತ್ತು, ನಾನು ಅದನ್ನು ಬೈದುಕೊಂಡೇ ಸುತ್ತು ಹಾಕುತ್ತಿದ್ದೆ. ಅಕ್ಕನಿಗೆ ಹೇಳದೆ ಮುಚ್ಚಿಡೋಣ ಎಂದುಕೊಂಡು ಅಂಗಡಿಗೆ ಬರುವಷ್ಟರಲ್ಲಿ ಸಾಹುಕಾರರೇ ಅವಳಿಗೆ ಫೋನ್ ಮಾಡಿ ಹೇಳಿ ಮುಗಿಸಿದ್ದರು. ಉಪಕಾರ ಮಾಡುವವರನ್ನು ತಡೆಯುವುದು ಬಹಳ ಕಷ್ಟ.

ಸರಿ, ಕಳಿಸುವುದೇ ಆದರೆ ನಮ್ಮ ಅಂಗಡಿಯ ಮರ್ಯಾದೆಗೆ ತಕ್ಕ ಹಾಗೆ ಕಳಿಸಬೇಕು. ಚಕ್ರ, ಬ್ಲೇಡು, ಮೇಜಿನ ಹಲಗೆ ಬೇರೆ ಮಾಡಿಸಿದೆ. ಬ್ಲೇಡಿಗೆ ಗ್ರೀಸ್ ಹಚ್ಚಿ, ಎರಡು ದಪ್ಪ ರಟ್ಟುಗಳ ನಡುವೆ ಇಟ್ಟು, ಬೈಂಡಿಂಗ್ ಬಟ್ಟೆ ಸುತ್ತಿ ಹೊಲಿದೆ. ಬಡಗಿ ಎಲ್ಲಕ್ಕೂ ಸೇರಿ ಒಂದೇ ದೊಡ್ಡ ಪೆಟ್ಟಿಗೆ ಮಾಡಿದ. ಕೆನೆ ಬಣ್ಣದ ಕಾಗದದ ಮೇಲೆ ಮುದ್ದಾದ ಅಕ್ಷರದಲ್ಲಿ ಅಕ್ಕನ ವಿಳಾಸ, ನಮ್ಮಿಬ್ಬರ ಫೋನ್ ನಂಬರು, ರಸೀದಿ ನಂಬರು ಬರೆದು, ಪೆಟ್ಟಿಗೆಯ ಕಿರಿದಾದ ಬದಿಗೆ, ಪುಸ್ತಕದ ಬೆನ್ನಿಗೆ ಅಂಟಿಸುವ ಹಾಗೆ, ಒಂದು ಗುಳ್ಳೆಯೂ ಏಳದಂತೆ ಅಂಟಿಸಿದೆ. ಲಾರಿಗೆ ಏರಿಸುವ ಮುಂಚೆ ಹಮಾಲಿ ಕಪ್ಪು ಬಣ್ಣದ ಡಬ್ಬಿ ತಂದು ಅಗಲದ ಬದಿಯ ಮೇಲೆ ರಸೀದಿ ನಂಬರನ್ನು ದೊಡ್ಡದಾಗಿ ಬರೆಯಲು ಹೋದ. ಒಳ್ಳೆಯ ಹೊದಿಕೆಯ ಮೇಲೆ ಯಾರಾದರೂ ಹೀಗೆ ಗೀಚುತ್ತಾರಾ ಎಂದು ರೇಗಿದೆ. ಅವನು ಡ್ರೈವರನ ಮುಖ ನೋಡಿದ, ಡ್ರೈವರ್ ಆಕಾಶ ನೋಡಿದ. ಡಬ್ಬಿಯ ಮುಚ್ಚಳ ಹಾಕಿಸಿಯೇ ಬಿಟ್ಟೆ.

ಅಲ್ಲಿ ಲಾರಿಯವರ ಗೋಡೌನಿನಲ್ಲಿ ತೋರಿಸಿ ಪೆಟ್ಟಿಗೆ ಬಿಡಿಸಿಕೊಳ್ಳಲಿ ಎಂದು ರಸೀದಿಯನ್ನು ಅಕ್ಕನಿಗೆ ಅಂಚೆಯಲ್ಲಿ ಕಳಿಸಿದೆ. ಲಾರಿ ಹೋದ ಮೇಲೆ ಅಂಗಡಿ ಅಗಲವಾಯಿತು. ಖಾಲಿ ಜಾಗದಲ್ಲಿ ಇನ್ನೊಂದು ಮೇಜು ಹಾಕಬಹುದಲ್ಲ ಎಂದು ಗಿರಾಕಿಗಳು ಸಲಹೆ ಕೊಟ್ಟರು. ನಾನು ಹೂಂ ಎಂದೆ. ಆ ವಾರವಿಡೀ ನನಗೆ ಅನ್ನ ಸೇರಲಿಲ್ಲ.

ನಾಲ್ಕು ದಿನಕ್ಕೆ ತಲುಪಬೇಕಾಗಿತ್ತು. ಆರನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಅಕ್ಕ ಫೋನ್ ಮಾಡಿದಳು. ಗೋಡೌನಿಗೆ ಹೋಗಿ ರಸೀದಿ ತೋರಿಸಿದರೆ ಅಂಥ ನಂಬರಿನ ಪೆಟ್ಟಿಗೆಯೇ ಬಂದಿಲ್ಲ ಎನ್ನುತ್ತಾರಂತೆ. ಡ್ರೈವರ್ ಸರಕು ಇಳಿಸಿದ ಮಾರನೆಯ ದಿನವೇ ಬೇರೆ ಕಡೆಗೆ ಲೋಡ್ ತೆಗೆದುಕೊಂಡು ಹೋಗಿದ್ದಾನೆ, ಫೋನ್ ಸಿಗುತ್ತಿಲ್ಲ. ನಂಬರು ಎಲ್ಲಿ ಬರೆಸಿದ್ದೆ ಎಂದು ಕೇಳಿದಳು. ಹೇಳಿದೆ. "ಅದೇನು ಪುಸ್ತಕ ಅಂದ್ಕೊಂಡ್ಯೇನೆ, ಕಪಾಟಲ್ಲಿ ಬೆನ್ನು ನೋಡಿ ತೆಗೆಯೋಕೆ?" ಎಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಅವಳು ನಗಲು ಶುರು ಮಾಡಿದಳು. ನಾನೂ ನಕ್ಕೆ. ಕಳೆದುಹೋದದ್ದು ಅಪ್ಪನ ಮಷೀನು, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅಂದಿನಿಂದ ದಿನಾ ನಾಲ್ಕು ಗಂಟೆಗೆ ಫೋನ್. ಪೆಟ್ಟಿಗೆಯ ವಿಚಾರ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಅಲ್ಲಿ ಸಿಗುವ ರಟ್ಟಿನ ಗುಣ, ನಾನು ಹೊಲಿಯುತ್ತಿದ್ದ ನ್ಯಾಯಾಲಯದ ಕಡತ, ಅವಳ ಮಂಡಿನೋವು, ಪಕ್ಕದ ಮನೆಯವರ ಜಂಬ, ಹೀಗೆ ಮಾತು ಎಲ್ಲೆಲ್ಲೋ ಹೋಗುತ್ತಿತ್ತು. ಗೋಡೌನಿನವರು ಕಡೆಗಣಿಸುತ್ತಾರೆಂದು ಒಂದು ದಿನ ಮುಖಕ್ಕೆ ಪೌಡರ್ ಬಳಿದುಕೊಂಡೇ ಹೋಗಿದ್ದೆ ಎಂದಳು. ನನಗೆ ಜೀವ ಚುರುಕ್ ಎಂದಿತು. "ಅವತ್ತು ಹಾಗೆ ಅನ್ಬಾರ್ದಿತ್ತು ಅಕ್ಕ" ಎಂದೆ. ಹೋಗೇ ಎಂದು ಅಲ್ಲಿಗೇ ಬಿಟ್ಟಳು. ಅಲ್ಲಿ ಚಕ್ರ ತಿರುಗಿಸುವವರು ಯಾರು ಎಂದು ನಾನು ಒಮ್ಮೆ ಕೇಳಿದಾಗ ಮಾತ್ರ, ನೋಡೋಣ ಎಂದು ಬೇರೆ ವಿಷಯಕ್ಕೆ ಹೋದಳು. ನಾಲ್ಕು ಗಂಟೆಗೆ ಮುಂಚೆ ಅಂಟಿನ ಕೈ ತೊಳೆದು, ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂರುವುದು ನನಗೆ ರೂಢಿಯಾಯಿತು.

ಹೀಗೆ ಹತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಗೋಡೌನಿನ ಗುಮಾಸ್ತ ನನಗೇ ಫೋನ್ ಮಾಡಿದ. ಗೋಡೆಗೆ ಒತ್ತಿಕೊಂಡಿದ್ದ, ನಂಬರಿಲ್ಲದ ಪೆಟ್ಟಿಗೆಯೊಂದನ್ನು ಐದು ಜನ ಸೇರಿ ತಿರುಗಿಸಿ ನೋಡಿದರಂತೆ, ಗೋಡೆಯ ಕಡೆಗೆ ಲೇಬಲ್ ಇತ್ತಂತೆ. ಇಷ್ಟು ಚೆಂದದ ಲೇಬಲ್ ತಾನು ನೋಡಿಯೇ ಇಲ್ಲ ಎಂದ, ಹೊಗಳಿದನೋ ಹಂಗಿಸಿದನೋ ತಿಳಿಯಲಿಲ್ಲ. ಇವತ್ತಿನಿಂದ ದಿನಬಾಡಿಗೆ ಬೀಳುತ್ತದೆ, ಬೇಗ ಬಿಡಿಸಿಕೊಳ್ಳಲು ಹೇಳಿ ಎಂದ.

ಆ ದಿನ ನಾಲ್ಕು ಗಂಟೆಗೆ ಅಕ್ಕ, ಏನಾದರೂ ಗೊತ್ತಾಯಿತಾ ಎಂದಳು. ಇಲ್ಲ ಎಂದೆ. ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ, ಬಂದ ಮೇಲೆ ಹಾಯಾಯಿತು. ಮುಕ್ಕಾಲು ಗಂಟೆ ಮಾತಾಡಿದೆವು. ಮಾರನೆಯ ದಿನವೂ ಇಲ್ಲ ಎಂದೆ. ಡ್ರೈವರ್ ಸಿಕ್ಕನಾ ಎಂದು ಅವಳು ಕೇಳಿದಾಗ, ಅವನ ಫೋನೇ ಸತ್ತಿದೆ ಎಂದು ಸೇರಿಸಿದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬಾಡಿಗೆ ಕಟ್ಟುವವರು ಅಕ್ಕ-ಭಾವ, ಸುಳ್ಳು ಹೇಳಿ ಸುಖಪಡುತ್ತಿರುವವಳು ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರನೆಯ ದಿನ ಅವಳು ಮಾತು ತೆಗೆಯುವ ಮುಂಚೆಯೇ ಹೇಳಿಬಿಟ್ಟೆ.

"ಅಕ್ಕ, ಪೆಟ್ಟಿಗೆ ಸಿಕ್ಕಿದೆ. ಮೊನ್ನೆನೇ ಸಿಕ್ತು. ನಾನೇ ಹೇಳ್ಲಿಲ್ಲ. ಹೇಳಿದ್ರೆ ನೀನು ಫೋನ್ ಮಾಡೋದು ನಿಲ್ಲಿಸ್ಬಿಡ್ತೀಯ ಅಂತ."

ಫೋನ್ ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ.

"ಗೊತ್ತು ಕಣೆ," ಎಂದಳು ಅಕ್ಕ. "ಲೇಬಲ್ ಮೇಲೆ ನನ್ನ ನಂಬರೂ ಇತ್ತಲ್ಲ. ಮೊನ್ನೆನೇ ನಂಗೂ ಹೇಳಿದ್ರು. ಹೋಗಿ ನೋಡ್ಕೊಂಡೂ ಬಂದೆ."

ನಿನ್ನೆಯಷ್ಟೇ ಡ್ರೈವರ್ ಸಿಕ್ಕನಾ ಎಂದು ಅಷ್ಟು ಕಳಕಳಿಯಿಂದ ಕೇಳಿದ್ದವಳು ಇವಳೇ.

"ನಿಮ್ಮ ಭಾವ ಒಳ್ಳೆಯವ್ರು," ಎಂದಳು, ನಾನು ಕೇಳದಿದ್ದರೂ. "ಊಟ ಮಾಡಿ ಮಲಗ್ತಾರೆ, ಎದ್ದು ಅಂಗಡಿಗೆ ಹೋಗ್ತಾರೆ. ಮಾತು ಕಮ್ಮಿ. ಇಲ್ಲಿ ಚಕ್ರ ತಿರುಗಿಸೋರು ಯಾರೂ ಇಲ್ಲ ಕಣೆ. ಮಷೀನು ಸುಮ್ನೆ ಕಣ್ಣೆದುರಿಗೆ ಇರ್ಲಿ ಅಂತ ತರಿಸ್ಕೊಂಡೆ."

ಅವಳು ಅಲ್ಲಿ ತುಂಬಿದ ಮನೆಯಲ್ಲಿ ಸುಖವಾಗಿದ್ದಾಳೆ, ನಾನೊಬ್ಬಳೇ ಇಲ್ಲಿ ಒಂಟಿ ಎಂದು ಏಳು ತಿಂಗಳು ಮುಖ ಊದಿಸಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಗ್ಗದ ಲಾರಿಯಲ್ಲಿ ಉಳಿಸಿದ್ದೆಲ್ಲ ಗೋಡೌನಿನ ಬಾಡಿಗೆಗೆ ಸೋರಿಹೋಗುತ್ತಿರುವುದು ಇಬ್ಬರಿಗೂ ಗೊತ್ತಿತ್ತು.

"ನಾಳೆ ಬೆಳಿಗ್ಗೆ ಹೋಗಿ ಬಿಡಿಸ್ಕೊಂಡು ಬರ್ತೀನಿ," ಎಂದಳು.

ಅಂದು ಬುಧವಾರ. "ನಾಳೆ ಬೇಡ ಅಕ್ಕ," ಎಂದೆ. "ಸೋಮವಾರ ಬಿಡಿಸ್ಕೋ."

ಅಕ್ಕ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು ಕೇಳಿಸಿತು.

"ಸೋಮವಾರ ಅಲ್ಲಿ ಜನ ಜಾಸ್ತಿ," ಎಂದಳು. "ಮಂಗಳವಾರ ಹೋಗ್ತೀನಿ."