ಬಾಯಿ ಮುಚ್ಚಿ ನಗುವ ಊರು

ತಾನು ಕಡೆಯ ಸಲ ಬಾಯಿ ತೆರೆದು ನಕ್ಕಿದ್ದು ಯಾವಾಗ? ಬಿ.ಎ. ಮುಗಿಸಿ ಮನೆಯಲ್ಲಿದ್ದ ನಂದಿತಾ ತನ್ನನ್ನೇ ಕೇಳಿಕೊಂಡಳು. ನೆನಪಾಗಲಿಲ್ಲ.

ಅವಳ ಹಲ್ಲಿನ ಮೇಲೆ ಕಂದು ಪಟ್ಟಿಗಳಿದ್ದವು. ಅವಳೊಬ್ಬಳದೇ ಅಲ್ಲ. ಗಂಡಸಿ ಹೋಬಳಿಯ ಆ ಊರಿನ ಯಾವ ಮದುವೆ ಫೋಟೋ ನೋಡಿದರೂ ಒಂದೂ ನಗುಮುಖವಿರಲಿಲ್ಲ. ಮುಸ್ಸಂಜೆಯಲ್ಲಿ ಜಗಲಿಗಳಿಂದ ನಗು ಕೇಳಿಸುತ್ತಿತ್ತು. ಎಲ್ಲವೂ ಅಂಗೈ ಹಿಂದಿನ ನಗು, ಗೋಡೆಯೊಳಗೆ ಯಾರೋ ನಕ್ಕಂತೆ. ನಡುವಯಸ್ಸು ದಾಟಿದವರು ಕತ್ತು ಹೊರಳಿಸಲಾರದೆ ಮರದ ಗೊಂಬೆಗಳಂತೆ ನಡೆದುಹೋಗುತ್ತಿದ್ದರು. ಬೋರ್‌ವೆಲ್ ನೀರು ಮಾತ್ರ ಕನ್ನಡಿಯಷ್ಟು ತಿಳಿ.

ಅಣ್ಣನ ಮಗ ಮನುವಿಗೆ ಇನ್ನೂ ಹಾಲುಹಲ್ಲು. ಅವನು ಬಾಯಗಲಿಸಿ ನಕ್ಕರೆ ನಂದಿತಾ ಆ ಬಿಳುಪನ್ನೇ ನೋಡುತ್ತಿದ್ದಳು. ಇನ್ನೆಷ್ಟು ದಿನ?

ಅಂದು ಸಂಜೆ ಆರೋಗ್ಯ ಸಹಾಯಕಿ ದ್ರಾಕ್ಷಾಯಣಿ ಬಂದರು. ತಾಲ್ಲೂಕಿನ ಯೋಜನೆಗೆ ಊರೂರಿನ ಕೊರತೆ ಕೇಳಿ ಬರೆದುಕೊಳ್ಳುವುದಿತ್ತು. ಜಗಲಿಯಲ್ಲಿ ನಂದಿತಾ, ಅವಳ ದೊಡ್ಡಪ್ಪ ಕೆಂಚಪ್ಪ, ನೆರೆಯ ನಾಲ್ಕಾರು ಜನ ಕೂತಿದ್ದರು.

"ಕುಡಿಯೋ ನೀರು ಹೆಂಗೈತೆ, ಕೆಂಚಪ್ಪನೋರೆ?"

"ಎಳನೀರಿದ್ದಂಗೈತೆ ಕಣಮ್ಮ. ಹೋದ್ಸಲಾನೂ ಹಂಗೇ ಬರ್ಸಿದ್ದೆ."

"ಅದಕ್ಕೇ ಹೊಳೆ ನೀರಿನ ಪೈಪು ನಿಮ್ಮೂರಿಗೆ ಬರ್ಲಿಲ್ಲ. ಇದ್ರಲ್ಲಿ ಫ್ಲೋರೈಡ್ ಜಾಸ್ತಿ ಐತೆ. ಕಣ್ಣಿಗೆ ಕಾಣಲ್ಲ, ಕಾಯ್ಸಿದ್ರೂ ಹೋಗಲ್ಲ. ಮೊದ್ಲು ಹಲ್ಲು ಹಿಡೀತದೆ, ಆಮೇಲೆ ಮೂಳೆ."

"ನೀನ್ ಬರ್ದಿದ್ದು ದಿಲ್ಲಿಗೋದ್ರೂ, ಅಲ್ಲಿ ಕೂತೋರಿಗೆ ನಮ್ ಹಲ್ಲು ಕಟ್ಕಂಡು ಏನಾಗ್ಬೇಕು?"

"ಹಿಂದೆ ಬಿದ್ದ ಕಡೆಗೆ ಮೊದ್ಲು ಸವಲತ್ತು ಹೋಗ್ಲಿ, ಎಲ್ಲಾ ಸೀಮೆನೂ ಸಮವಾಗಿ ಬೆಳೀಲಿ ಅಂತಾನೇ ದೇಶದ ಯೋಜನೆ ಮಾಡೋದು. ಆದ್ರೆ ನೀವೇ ಎಲ್ಲಾ ಸರಿಯಾಗೈತೆ ಅಂದ್ರೆ, ಅಲ್ಲಿ ಕೂತೋರಿಗೆ ಹೆಂಗ್ ಗೊತ್ತಾಗ್ಬೇಕು?"

ಕೆಂಚಪ್ಪ ದನಿ ತಗ್ಗಿಸಿದರು. "ನೀರು ಕೆಟ್ಟೈತೆ ಅಂತ ಹೊರಗೆ ಗೊತ್ತಾದ್ರೆ ನಮ್ಮೂರ ಹೆಣ್ಣ ಯಾರ್ ತಕಂತಾರೆ? ಭಾನುವಾರ ಈ ಹುಡ್ಗೀನ ನೋಡಕ್ಕೆ ಬತ್ತಾವ್ರೆ. ಬಾಯಿ ತಗೀಬ್ಯಾಡ ಅಂದಿವ್ನಿ."

"ಮದ್ವೆ ಆದ್ಮೇಲೂ ಬಾಯಿ ಮುಚ್ಕಂಡೇ ಉಣ್ತಾಳಾ?"

ಎಲ್ಲರಿಗೂ ನಗು ಬಂತು. ಕೈಗಳು ತಾವಾಗಿಯೇ ಬಾಯಿಗೆ ಅಡ್ಡ ಬಂದವು. ಬಾಗಿಲಲ್ಲಿ ನಿಂತಿದ್ದ ಮನು ಅವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ತನ್ನ ಪುಟ್ಟ ಅಂಗೈಯಿಂದ ಆ ಬೆಳ್ಳನೆಯ ಹಲ್ಲುಗಳನ್ನು ಮುಚ್ಚಿಕೊಂಡು ನಕ್ಕ.



ನಂದಿತಾ ಅವನ ಕೈಯನ್ನು ಬಾಯಿಂದ ಸರಿಸಿದಳು. ತನ್ನ ಕೈಯನ್ನೂ ಇಳಿಸಿದಳು.

"ಬರ್ಕಳಿ ಅಕ್ಕ. ನಮ್ಮೂರ ನೀರು ಕುಡಿಯೋಕಾಗಲ್ಲ."

ಕೆಂಚಪ್ಪ ಮಗುವನ್ನೇ ನೋಡುತ್ತಿದ್ದರು. "ಬರ್ಕಳಮ್ಮ," ಎಂದರು. ಅವರ ಬಾಯಿಗೂ ಕೈ ಅಡ್ಡವಿರಲಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮೂರ ಕೊರತೆ ಕೇಳಿಕೊಂಡು ಯಾರಾದರೂ ಬಂದರೆ ಮಾನಕ್ಕೆ ಅಂಜಿ ಮುಚ್ಚಿಡಬೇಡಿ. ಗ್ರಾಮಸಭೆಗೆ ಹೋಗಿ, ಇಲ್ಲದ್ದನ್ನು ಇಲ್ಲವೆಂದೇ ಬರೆಸಿ. ಕೈ ಇಳಿಸಿ, ಹೇಳಿ.